ಳ ಒತ್ತು

ಹತ್ತೂವರೆಗೆ ಬಂದರು, ಮಾಜಿಗಳು.
ಹೊಸನಗರದ ತಾಲೂಕು ಕಚೇರಿ ಎದುರು
ನನ್ನ ಮೇಜಿಗೆ ಮೂರು ಕಾಲು, ನಾಲ್ಕನೆಯದು ಇಟ್ಟಿಗೆ.
ಸರದಿ ಬರುವ ತನಕ ಕೊಡೆ ಊರಿಕೊಂಡು ನಿಂತಿದ್ದು
"ಸಿಸಿಲಿಬಾಯಿ, ಒಂದು ಅರ್ಜಿ" ಎಂದರು.

ಒಂದು ಕಾಲಕ್ಕೆ ಅರ್ಜಿಗಳು ಅವರ ಜೀಪಿನ ಹಿಂದೆ ಬರುತ್ತಿದ್ದವು.
ಓಡಬೇಕಾಗಿರಲಿಲ್ಲ.
ಆ ಜೀಪು ತಳ್ಳದೆ ಹೊರಡುತ್ತಿರಲಿಲ್ಲ,
ತಳ್ಳಿದವರ ಅರ್ಜಿ ಮೊದಲು ಓದುವರು.

ಸಾಮಿಲ್ಲಿನಲ್ಲಿ ನಾಟಾ ಲೆಕ್ಕ ಬರೆಯುತ್ತಿದ್ದ ಕೆರಿಯಪ್ಪ
ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ಸಮೇತ
ವಿಧಾನಸಭೆಗೆ ಹೋದರು.
ಹಿಂದಿನ ಸಾಲು, ಕಂಬದ ಮರೆ.
ಐದು ವರ್ಷದಲ್ಲಿ ಬಾಯಿ ಬಿಟ್ಟಿದ್ದು ಎರಡೇ ಸಲ,
ಒಂದು, ಫ್ಯಾನು ನಿಲ್ಲಿಸಿ ಎನ್ನಲು.

ಇನ್ನೊಂದು ಚುಕ್ಕೆ ಗುರುತಿನ ಪ್ರಶ್ನೆ.
ಟೈಪು ಮಾಡಿದವಳು ನಾನು.
ಹುಲ್ಕೋಡಿನ ಹಳ್ಳದ ಮೇಲೆ ಕಾಲುಸಂಕ ಯಾವಾಗ?
ಹಿಂದಿನ ಆಷಾಢದಲ್ಲಿ ಅಲ್ಲಿ
ಅಂಚೆಯವನ ಚೀಲ ಸಿಕ್ಕಿತ್ತು,
ಅಂಚೆಯವನು ಎರಡು ದಿನ ಬಿಟ್ಟು.

ಆ ವಾರ ಥಂಡಿಗೆ ಒತ್ತಿನ ಕೀಲಿ ಏಳುತ್ತಿರಲಿಲ್ಲ.
ಆಮೇಲೆ ಶಾಯಿಯಲ್ಲಿ ಬರೆದರಾಯಿತು ಅಂದುಕೊಂಡೆ.
ಶಿವಮೊಗ್ಗದ ಬಸ್ಸು ಹಾರನ್ ಹೊಡೆಯಿತು, ಮರೆತೆ.
"ಹಳದ ಮೇಲೆ" ಎಂದೇ ಹೋಯಿತು ಕಾಗದ.
ಬೆಂಗಳೂರಲ್ಲಿ ಯಾವನೋ ಪುಣ್ಯಾತ್ಮ
ಕನಿಕರಪಟ್ಟು ತಿದ್ದಿದ:
"ಹಳಿಯ ಮೇಲೆ".

ಮಂತ್ರಿಗಳು ಎದ್ದು, ಕನ್ನಡಕ ಸರಿಮಾಡಿಕೊಂಡು,
"ರೈಲು ಹಳಿ ಕೇಂದ್ರಕ್ಕೆ ಸೇರಿದ ವಿಷಯ" ಎಂದರಂತೆ.
ರೈಲಿನ ಕೂಗು ಕೂಡ ಮುಟ್ಟದ ಊರಿಗೆ
ಹಳಿ ದಾಟುವ ಸೇತುವೆ!
ಸದನ ಬಿದ್ದು ಬಿದ್ದು ನಕ್ಕಿತು.
ಅರ್ಧ ಎದ್ದಿದ್ದ ಇವರು
ಹಾಗೇ ಕೂತರಂತೆ. ಪೆನ್ಸಿಲ್ ಉರುಳಿ
ಯಾರದೋ ಚಪ್ಪಲಿಯ ಕೆಳಗೆ ಹೋಯಿತಂತೆ.

ಮುಂದಿನ ಚುನಾವಣೆ.
ಇವರು ಮೈಕು ಹಿಡಿದರೆ ಸಾಕು
ಹಿಂದೆ ನಿಂತ ಹುಡುಗರು, ಕೂ... ಚುಕುಬುಕು.
ಇನ್ನೂರ ಹನ್ನೆರಡು ಮತಕ್ಕೆ ಸೋತರು.
ಹುಲ್ಕೋಡಿನವರು ಬಂದು ಒತ್ತಿದ್ದರೆ,
ಎಂದು ಹೋಟೆಲಿನಲ್ಲಿ ಲೆಕ್ಕ ಹಾಕಿದರು ಜನ.
ಕಾರ್ತಿಕದಲ್ಲೂ ಮಳೆ ಬಿಟ್ಟಿರಲಿಲ್ಲ. ಹಳ್ಳ ತುಂಬಿತ್ತು.

ಪೇಪರಿನವರು ಕೇಳಿದಾಗ
"ನನ್ನದೇ ಕೈತಪ್ಪು" ಎಂದಿದ್ದರು.
ನಾನು ಓದಿದೆ. ಆ ಪುಟದಲ್ಲೇ ಮೀನು ಸುತ್ತಿ ತಂದಿದ್ದ
ನನ್ನ ಗಂಡ. ಅವನಿಗೂ ಹೇಳಲಿಲ್ಲ.

ಈಗ ಹಳ್ಳದ ಆಚೆ ಈಚೆ ಎರಡು ಸಿಮೆಂಟು ಕಂಬ,
ಮೂರು ಹೆಸರಿನ ಶಿಲಾನ್ಯಾಸದ ಕಲ್ಲು.
ನಡುವೆ ಏನೂ ಇಲ್ಲ.
ಕೆರಿಯಪ್ಪನವರು ಹೇಳುತ್ತಾ ಹೋದರು,
ಪ್ರಶ್ನೆ ಅದೇ, ಮಾತು ಅವೇ.
ಕೊನೆಗೆ ಮಾತ್ರ "ಇಂತಿ ತಮ್ಮ ವಿಧೇಯ".
"ಮಾಜಿ ಶಾಸಕರು ಅಂತ ಹಾಕಲಾ?"
"ಬೇಡ. ಅವರೂ ನಗುತ್ತಾರೆ."

"ಸಾರ್, ಆವತ್ತು ಆ ಕೀಲಿ..." ಎಂದೆ.
"ಎಷ್ಟಾಯಿತು?" ಎಂದರು.
ಬೇಡವೆಂದರೂ ಇಪ್ಪತ್ತು ರೂಪಾಯಿ ಇಟ್ಟರು,
ಗಾಳಿಗೆ ಹಾರದ ಹಾಗೆ ಸ್ಟ್ಯಾಂಪ್‌ಪ್ಯಾಡಿನ ಅಡಿ.

ಕನ್ನಡಕ ತಂದಿರಲಿಲ್ಲ.
ಕಾಗದ ಮಗುಚಿ ಹಿಂಬದಿಯಲ್ಲಿ
ಮೆಲ್ಲಗೆ ಹೆಬ್ಬೆರಳಾಡಿಸಿದರು
ಮೂರನೆಯ ಸಾಲಿನವರೆಗೆ.
ಅಲ್ಲಿ ಳ ಕೆಳಗೆ ಇನ್ನೊಂದು ಳ
ತೂತು ಬೀಳುವಷ್ಟು ಒತ್ತಿದ್ದೆ.