ಎಲೆಯ ಕಂಕುಳಲ್ಲಿ

ನಮ್ಮೂರ ಹೆಸರೇ ತಳಿ.
ಹೊಸೂರಿನಿಂದ ಬಂದ ಕಂಪನಿಯವರು ನಗಾಡಿದರು:
‘ತಳಿಗೇ ತಳಿ ತಂದಿದ್ದೀವಿ ಕಣಮ್ಮ.’

ಹನ್ನೊಂದು ವರ್ಷ ಪಿಳ್ಳಮ್ಮನದು ಒಂದೇ ಕೆಲಸ:
ಸೇವಂತಿಗೆಯ ಎಲೆ ಕಂಕುಳಲ್ಲಿ
ಕಣ್ಣು ಬಿಟ್ಟದ್ದನ್ನೆಲ್ಲ ಚಿವುಟುವುದು.
ಒಂದು ಕಡ್ಡಿಗೆ ಒಂದೇ ಹೂ, ತಟ್ಟೆಯಗಲ.
ಉಗುರಿನ ಹಸಿರು ರಾತ್ರಿಯ ಮುದ್ದೆಯಲ್ಲೂ ಕಹಿ.

ಈ ಸಲದ ಸಸಿಗೆ ಅವಳ ಹಂಗಿಲ್ಲ.
ಜೀನೊಂದು ಒಳಗೇ ಕೂತು
ಗಿಣ್ಣು ಗಿಣ್ಣಿಗೂ ಹೇಳುತ್ತದಂತೆ: ಏಳಬೇಡ.
‘ಮೊಗ್ಗು ಸತ್ತಿಲ್ಲಕ್ಕಾ, ಮಲಗಿದೆ ಅಷ್ಟೆ’
ಎಂದ ಲ್ಯಾಬಿನ ಇಳಂಗೋ,
ಅರ್ಧ ತಮಿಳಲ್ಲಿ, ಅವಳ ಮುಖ ನೋಡದೆ.
ಹಾಜರಿ ಪುಸ್ತಕದ ಮೂವತ್ತು ಹೆಂಗಸರಲ್ಲಿ
ಆರು ಹೆಸರು ಉಳಿದವು.

ಶನಿವಾರ, ಲೆಕ್ಕ ಚುಕ್ತಾ.
ಏಳನೇ ಸಾಲಿನ ಕೊನೆಗೆ
ಗಿಡವೊಂದು ಹೇಳಿದ ಮಾತು ಕೇಳಿರಲಿಲ್ಲ:
ಮೂರು ಕಂಕುಳಲ್ಲಿ ಮೂರು ಕಣ್ಣು,
ಸಾಸಿವೆಯಷ್ಟು.
ಹೆಬ್ಬೆರಳು ತಾನಾಗಿ ಹೋಯಿತು,
ತಾಗುವ ಮೊದಲು ನಿಂತಿತು.

ಅವಳ ಬುತ್ತಿ ಡಬ್ಬಿ ಈಗ ಕಿಟಕಿಯಲ್ಲಿದೆ, ಮಣ್ಣು ತುಂಬಿ.
ಕದ್ದ ಕಡ್ಡಿ ಒಂಬತ್ತು ಕವಲು.
ಹೂ ಬರೀ ಗುಂಡಿಯಷ್ಟು; ಯಾವ ಬಾಕ್ಸಿಗೂ ಹೋಗದು.
‘ಹೋಗದಿದ್ದರೆ ಬಿಡು,
ಮೊಳಕ್ಕೆ ಸಾಕು’ ಅನ್ನುತ್ತಾಳೆ,
ದಾರ ಹಲ್ಲಲ್ಲಿ ಕಚ್ಚಿಕೊಂಡು.