ಮಣ್ಣು ಸಮಿತಿಯ ನಡಾವಳಿ

ಕಾಂಡ್ಲಕೇರಿ, ಸೋಮವಾರ. ಹಾಜರಿ ಒಂಬತ್ತು,
ಜೊತೆಗೆ ಪುರ್ಸು ಹರಿಕಂತ್ರನ ನಾಯಿ.
ಒಣಮೀನಿನ ಶೆಡ್ಡಿನಲ್ಲಿ ಇರುವುದು ಎರಡೇ ಕುರ್ಚಿ;
ಅಧ್ಯಕ್ಷರು ಐಸಿನ ಪೆಟ್ಟಿಗೆಯ ಮೇಲೆ.
ಬರೆಯುವವಳು ನಾನು, ಅಂಗನವಾಡಿಯ ಪಾವ್ಲಿನಾ,
ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆ.

ಹನ್ನೊಂದು ವರ್ಷ ಹಳೇ ಬ್ಯಾಟರಿ ಒಡೆದ ಕಾರ್ಖಾನೆ
ಈಗ ಬೀಗ ಜಡಿದುಕೊಂಡು ಕೂತಿದೆ.
ಬೋರ್ಡಿಲ್ಲ, ಯಜಮಾನನ ಫೋನು ಹತ್ತುವುದಿಲ್ಲ.
ತೋಡಿಗೆ ಬಿಟ್ಟ ಹುಳಿನೀರು ಮಾತ್ರ
ಯಾರ ಬೇಲಿಯನ್ನೂ ಕೇಳದೆ ದಾಟಿ ಹೋಗಿದೆ.

ಒಂದು ಚೀಲ ಮಣ್ಣಿನ ಪರೀಕ್ಷೆಗೆ ಸಾವಿರದಿನ್ನೂರು.
ಮನೆಗೆ ಮೂವತ್ತರಂತೆ ಎತ್ತಿದ ದುಡ್ಡಿಗೆ
ನಾಲ್ಕು ಚೀಲವಷ್ಟೇ ಗಿಟ್ಟೀತು.
ಯಾರ ಹಿತ್ತಲದ್ದು?
ಆಗ ಬಿದ್ದ ಮೌನಕ್ಕೆ
ಒಣ ಬಂಗಡೆಯ ವಾಸನೆ ಇತ್ತು.
ಸೀಸ ಸಿಕ್ಕಿತೆಂದರೆ ಮುಗಿಯಿತು,
ಕಾರವಾರದ ರವಿವಾರದ ಸಂತೆಯಲ್ಲಿ
ಈ ಕೇರಿಯ ಹರಿವೆಯನ್ನು ದನವೂ ಮೂಸದು.

ಮಂಕಾಳಿ ಗೌಡ ಎದ್ದಳು. ಕೊರಳ ತುಂಬಿದ ಮಣಿಸರ
ಒಮ್ಮೆ ಸರಿದು ಸದ್ದು ಮಾಡಿತು.
"ನನ್ನದೇ ತಕಳ್ಳಿ. ನನ್ನ ಮೊಮ್ಮಗಳೇ ಅಲ್ವಾ
ಗೋಡೆ ಬುಡದ ಮಣ್ಣು ತಿನ್ನೂದು."
(ನಡಾವಳಿಯಲ್ಲಿ ನಾನು ಬರೆದದ್ದು:
ಶ್ರೀಮತಿ ಮಂಕಾಳಿಯವರು ಸಮ್ಮತಿಸಿದರು.)

ವರದಿ ಬಂತು. ಇಂಗ್ಲಿಷು, ಮೊಹರು, ದಶಾಂಶ.
ಬಾಂದೇಕರ ಟೀಚರು ಒಮ್ಮೆ ಓದಿದರು,
ಕನ್ನಡಕ ಒರೆಸಿ, ಎರಡನೇ ಸಲ, ಮೆಲ್ಲಗೆ.
ಪುರ್ಸು ನಕ್ಕ; ನಗು ಅರ್ಧಕ್ಕೆ ನಿಂತಿತು:
"ಸೀಸ ನಮಗೆ ಹೊಸತಾ? ಅಜ್ಜನ ಕಾಲದಿಂದ
ಬಲೆಯ ಕೆಳಗಂಚಿಗೆ ಕಟ್ಟಿದ್ದೇವೆ.
ಮುಳುಗೂದೇ ಅದರ ಕೆಲಸ.
ಆದರೆ ಬಲೆಗೆ ಮೇಲೊಂದು ಹಗ್ಗ ಇರ್ತದೆ, ಎಳೆಯೂಕೆ.
ಇದಕ್ಕೆ ಹಗ್ಗ ಎಲ್ಲಿ ಕಟ್ಟಿಟ್ಟು ಹೋದ ಅವ?"

ಮೂರು ಸಭೆ ಅದೇ ಮಾತು:
ಇದ್ದಲ್ಲೇ ಕಟ್ಟಿಹಾಕುವುದೋ, ಎಳೆದು ತೆಗೆಯುವುದೋ.
ಸುಣ್ಣ ಬೆರೆಸಿದರೆ ಸೀಸ ಮಣ್ಣಿಗೇ ಅಂಟಿ ಕೂರುತ್ತದಂತೆ;
ಸಾಸಿವೆ ಬಿತ್ತಿದರೆ ಬೇರು ಹಿಡಿದು ಮೇಲೇರುತ್ತದಂತೆ,
ಗುಟುಕು ಗುಟುಕಾಗಿ, ನಮ್ಮ ಆಯುಷ್ಯ ನೋಡದೆ.
ಎಷ್ಟು ವರ್ಷ? ಖೈರುನ್ನೀಸಾ ಕೇಳಿದಳು.
ಟೀಚರು ಬೆರಳು ಎಣಿಸತೊಡಗಿ
ಕೈ ಮಡಚಿಕೊಂಡರು.

ಕೊನೆಗೆ ಅರ್ಧಕ್ಕೆ ಅದು, ಅರ್ಧಕ್ಕೆ ಇದು.
ಮನೆಮನೆಯ ಬಳಚಿನ ಚಿಪ್ಪು ಗುಡ್ಡೆ ಹಾಕಿ ಸುಟ್ಟೆವು.
ಸಾರು ಉಂಡು ಎಸೆದದ್ದೆಲ್ಲ
ಬೆಳ್ಳಗೆ ಪುಡಿಯಾಗಿ ಹಿತ್ತಲಿಗೆ ಮರಳಿತು.
ಇನ್ನರ್ಧ ಸಾಸಿವೆ. ಹೂ ಬಿಟ್ಟ ವಾರ
ಹೆದ್ದಾರಿಯ ಕಾರುಗಳು ನಿಂತವು,
ಹಳದಿಯ ನಡುವೆ ಫೋಟೋ ತೆಗೆಸಿಕೊಂಡವು.
ನಾವು ತಗಡಿನ ಮೇಲೆ ಬರೆದು ನೆಟ್ಟೆವು:
ಇದು ಒಗ್ಗರಣೆಗಲ್ಲ.

ಕಿತ್ತದ್ದು ಹದಿನೇಳು ಮೂಟೆ.
ಸುಡುವಂತಿಲ್ಲ, ದನಕ್ಕೆ ಹಾಕುವಂತಿಲ್ಲ, ಹೊಳೆಗಂತೂ ಇಲ್ಲ.
ಪತ್ರ ಬರೆದೆ. ಪತ್ರ ತಲುಪಿದೆ ಎಂಬ ಪತ್ರ ಬಂತು.
ಮೂಟೆಗಳು ಶೆಡ್ಡಿನ ಮೂಲೆಯಲ್ಲಿ ಕೂತಿವೆ,
ಸಭೆಗೆ ಬಂದು ಮಾತಾಡದವರಂತೆ.
ಹಾಜರಿಗೆ ಸೇರಿಸಿಲ್ಲ.

ಮೊನ್ನೆ ರವಿವಾರ ಸಂತೆಗೆ ಹೋಗಿದ್ದೆ.
ಮಂಕಾಳಿ ತನ್ನ ಎಂದಿನ ಜಾಗದಲ್ಲಿ, ಗೋಣಿ ಹಾಸಿಕೊಂಡು.
ಮುಂದೆ ಬುಟ್ಟಿ, ಖಾಲಿ.
"ಒಂದು ವಾರ ಬಿಟ್ಟರೆ ಜಾಗ ಬೇರೆಯವರದು," ಅಂದಳು.
ಯಾರೋ ಬಗ್ಗಿ ಕೇಳಿದರು, ಎಂಥ ಉಂಟು ಅಮ್ಮಾ?
"ಈ ವರ್ಷ ಇಲ್ಲ."
ಅವರು ಹೋದರು. ಅವಳು ಕೂತಳು, ಬಿಸಿಲು
ಪಕ್ಕದವಳ ಈರುಳ್ಳಿ ದಾಟಿ ಬರುವತನಕ.
ಏಳುವಾಗ ಬುಟ್ಟಿಯನ್ನು ಬೋರಲು ಮಾಡಿ
ಕೊಡವಿದಳು, ರೂಢಿಯಂತೆ.

ಸೋಮವಾರ ಖರ್ಚಿನ ಪುಟದಲ್ಲಿ ಒಂದು ಸಾಲು ಹೆಚ್ಚಿಗೆ ಬರೆದು
ಗಟ್ಟಿಯಾಗಿ ಓದಿದೆ:
ಸಂತೆಯಲ್ಲಿ ಜಾಗ ಕಾದ ಬಾಬ್ತು,
ಟೆಂಪೋ ಚಾರ್ಜು, ಮೂವತ್ತು ರೂಪಾಯಿ.
ಯಾರೂ ಆಕ್ಷೇಪಿಸಲಿಲ್ಲ.