ನಲವತ್ತೊಂದನೆಯದು

ಮಾಣೀಕಟ್ಟೆಯ ಹೊನ್ನಿ ಗೌಡ್ತಿ ಕೊಟ್ಟದ್ದು
ಕಗ್ಗ ಅಕ್ಕಿಯ ಹುಳಿಗಂಜಿ, ಅರ್ಧ ಕುಡ್ತೆ.
"ಉಪ್ಪುನೀರಲ್ಲೇ ನಿಂತು ಬೆಳೆದ ಭತ್ತ ತಂಗೀ,
ಇದಕ್ಕೆ ಸಾವಿಲ್ಲ."

ಕೋಡಿಬಾಗದ ಲ್ಯಾಬಿನಲ್ಲಿ
ಅದರೊಳಗಿನ ಅರವತ್ತು ಮಂದಿಯನ್ನು ಬಿಡಿಸಿ
ಹೊಟ್ಟೆಯಷ್ಟೇ ಹುಳಿಯಿದ್ದ ಆಮ್ಲಕ್ಕೆ ಇಳಿಸಿದೆ,
ಮೂರು ತಾಸು.
ಆಮೇಲೆ ಪಿತ್ತ.
ಅಂಗಡಿ ಮೊಸರಿನವು ಮೊದಲ ತಾಸಿಗೇ ಮುಗಿದವು.
ಹೊನ್ನಿಯವು ಐದು ಉಳಿದವು,
ಅದರಲ್ಲೂ ನಲವತ್ತೊಂದು
ಏನೂ ಆಗಿಲ್ಲವೆಂಬಂತೆ
ತಟ್ಟೆ ತುಂಬ ಬೆಳ್ಳಗೆ, ಉಬ್ಬಿಕೊಂಡು.
ಹೊರಗೆ ಕಾಳಿಗೆ ಭರತ ಏರುತ್ತಿತ್ತು.
ಖುಷಿಗೆ ಒಂದು ಹೆಸರಿಟ್ಟೆ: ಹೊನ್ನ.

ಕೊನೆಗೆ ಔಷಧದ ಬಿಲ್ಲೆ.
ಬಿಲ್ಲೆಯ ಸುತ್ತ ಬಯಲಾಗಬೇಕು, ಅದು ನಿಯಮ.
ಬೆಳಿಗ್ಗೆ ನೋಡಿದರೆ ಹೊನ್ನ
ಅಂಚಿಗೇ ಬಂದು ಕೂತಿದೆ.
ಔಷಧಕ್ಕೂ ಬಗ್ಗದ್ದನ್ನು
ಎಳೆ ಮಗುವಿನ ಹೊಟ್ಟೆಗೆ ಹೇಗೆ ಕಳಿಸಲಿ?
ಕುಕ್ಕರಿಗಿಟ್ಟು ಮುಚ್ಚಳ ಬಿಗಿದೆ.

ಬರೆದುಕೊಂಡದ್ದು ಹದಿನೇಳನ್ನು.
ಆಮ್ಲದಲ್ಲಿ ಅರ್ಧ ಸತ್ತು
ಅರ್ಧ ಹೇಗೋ ದಾಟಿದ್ದು.

ಸಂಜೆ ಹೊನ್ನಿಯ ಫೋನು:
"ಪಾಸಾಯ್ತನೇ ನನ್ ಗಂಜಿ?"
ಆಯ್ತು ಅಂದೆ.
ಯಾವುದು ಎಂದು ಅವಳು ಕೇಳಲಿಲ್ಲ.
ಗಡಿಗೆಯನ್ನು ಇವತ್ತೂ ಪೂರ್ತಿ ತೊಳೆದಿಲ್ಲವಂತೆ;
ಎಪ್ಪತ್ತೆಂಟು ವರ್ಷ,
ಮತ್ತೆ ಗಜನಿಗೆ ಇಳಿಯಲು ಹೊರಟಿದ್ದಳು.